ಬಿಳಿ ಹೂಜಿಯ ಮೇಲಿನ ಹೆಬ್ಬೆರಳು

“ಮೊದಲ ಸಲ ಕ್ಯಾಮೆರಾ ಹಿಡಿದಾಗಲೇ ಮಾತು ಕೊಟ್ಟಿದ್ದೆ ಅಕ್ಕಾ, ನೀನು ಮಾಡಿದ್ದನ್ನ ಇದ್ದದ್ದು ಇದ್ದ ಹಾಗೇ ಫೋಟೊ ತೆಗೀತೀನಿ, ಏನೂ ತಿದ್ದಲ್ಲ ಅಂತ.”

ಮಗಳ ಶಾಲೆಯ ಫೋಟೊಗೆಂದು ಸ್ಟುಡಿಯೋದ ಸಾಲಿನಲ್ಲಿ ನಿಂತಿದ್ದ ತಾಯಿಗೆ ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕನ ಉಗುರುಗಳಲ್ಲಿ ಒಣಗಿದ ಜೇಡಿಮಣ್ಣು, ತಮ್ಮನ ಕೈಯಲ್ಲಿ ಕ್ಯಾಮೆರಾ; ಅದರ ಪರದೆಯಲ್ಲಿ ಇಬ್ಬರೂ ಫೋಟೊ ನೋಡುತ್ತಿದ್ದರು.

“ಹಾಗಾದ್ರೆ ಇದೇನೋ? ನನ್ನ ಬಿಳಿ ಹೂಜಿ ಬೂದೀಲಿ ಹೊರಳಾಡಿ ಬಂದ ಹಾಗಿದೆ.”

“ಬಿಳಿ ಕಂಡ್ರೆ ಕ್ಯಾಮೆರಾ ಬೆಳಕು ಜಾಸ್ತಿ ಅಂದ್ಕೊಂಡು ತಾನಾಗೇ ಮಂಕು ಮಾಡುತ್ತೆ. ಅದಕ್ಕೇ ಎರಡನೇದ್ರಲ್ಲಿ ಎಕ್ಸ್‌ಪೋಷರ್ ಏರಿಸ್ದೆ, ಬೆಳಕು ಜಾಸ್ತಿ ಒಳಗೆ ಬರಲಿ ಅಂತ.”

“ಏರಿಸಿ ಏರಿಸಿ ಹೂಜಿಗೆ ಬಾಯೇ ಇಲ್ಲದ ಹಾಗೆ ಮಾಡಿದೀಯ.”

“ಕೆಲವರಿಗೆ ಬಾಯಿ ಇಲ್ದಿದ್ರೇ ಚೆಂದ.”

“ತಲೆ ಮೇಲೆ ಮೊಟಕ್ತೀನಿ ನೋಡು. ಮುಂದಿನದು ತೋರಿಸು.”

“ಇದು ಸರಿಯಾಗಿದೆ. ಮೋಡ ಬಂತು, ಕಿಟಕಿ ಬೆಳಕು ಹದವಾಯ್ತು, ನೆರಳಿನ ಕಡೆ ಬಿಳಿ ರಟ್ಟು ಹಿಡಿದೆ.”

“ಕುತ್ತಿಗೆ ಹತ್ರ ತಗ್ಗು ಕಾಣ್ತಿದೆಯಲ್ಲೋ.”

“ನಿನ್ನ ಹೆಬ್ಬೆರಳೇ ಒತ್ತಿರೋದು. ಬೆಳಕು ಪಕ್ಕದಿಂದ ಬಿದ್ರೆ ಎಲ್ಲಾ ಬಯಲಾಗುತ್ತೆ.”

“ನನ್ನ ಮೊದಲನೇ ಪ್ರದರ್ಶನದ ಆಮಂತ್ರಣಕ್ಕೆ ಕಣೋ ಇದು. ಈ ತಗ್ಗು ನೋಡಿ ಯಾರು ಬರ್ತಾರೆ? ಅಳಿಸಿಬಿಡು.”

“ಮತ್ತೆ ನನ್ನ ಮಾತು?”

“ಕೊಟ್ಟಿದ್ದು ನನಗೆ ತಾನೆ? ನಾನೇ ವಾಪಸ್ ಕೊಡ್ತಿದೀನಿ, ತಗೋ.”

ಇಣುಕಿ ನೋಡಿದ ತಾಯಿಗೆ ಆ ತಗ್ಗೇ ಚೆಂದ ಕಂಡಿತು. ಕೇಳದವರಿಗೆ ಹೇಳುವುದು ಹೇಗೆಂದು ಮತ್ತೆ ಸಾಲಿನಲ್ಲಿ ತನ್ನ ಜಾಗಕ್ಕೆ ಸರಿದಳು.

ತಮ್ಮನು ಕ್ಯಾಮೆರಾದ ಕಾರ್ಡನ್ನು ತೆಗೆದು ಸ್ಟುಡಿಯೋದವನಿಗೆ ಕೊಟ್ಟ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ತಗ್ಗನ್ನು ಅಳಿಸಿದ. ಹೂಜಿ ಮೊಟ್ಟೆಯಷ್ಟು ನುಣುಪಾಯಿತು. ಪ್ರಿಂಟ್ ಹಿಡಿದು ಅಕ್ಕ ಮುಂದೆ, ತಮ್ಮ ಹಿಂದೆ ಹೊರಟರು. ಅವನು ಕೊಟ್ಟ ಮಾತು ಉಳಿಯಲಿಲ್ಲ.