ಗ್ರಿಲ್ ಒಂದು ಬಿಗಿ ಮಾಡ್ಕೊಡಣ್ಣ

ಅಯ್ಯೋ, ಒಳಗಡೆ ಸ್ಪಂಜ್ ಯಾಕೆ ಕೀಳ್ತೀಯಣ್ಣಾ? ನಾನು ಹೇಳಿದ್ದು ಗ್ರಿಲ್ ಒಂದು ಬಿಗಿ ಮಾಡ್ಕೊಡು ಅಂತ. ಮುಖದ ಮುಂದೆ ಲೊಡಲೊಡ ಅಂತದೆ, ಅಷ್ಟೇ ಕಣಣ್ಣ, ಇನ್ನೇನಿಲ್ಲ! ನಾಳೆ ಮೈಸೂರಲ್ಲಿ ಕ್ರಿಕೆಟ್ ಸೆಲೆಕ್ಷನ್ನು. ಮೊದಲ್ನೇ ಬಸ್ಸಿಗೇ ಓಡ್ಬೇಕು. ಈಗ ನೀನು ಹೆಲ್ಮೆಟ್ ಪೂರ್ತಿ ಬಿಚ್ಕೊಂಡು ಕೂತ್ರೆ...

ಯಾಕ್ ನಗ್ತೀಯಾ? ವಾಸ್ನೆನಾ? ಬಿಸಿಲಲ್ಲಿ ಬ್ಯಾಟಿಂಗ್ ಮಾಡಿದ ತಲೆ, ಇನ್ನೇನು ಮಲ್ಲಿಗೆ ವಾಸ್ನೆ ಬತ್ತದಾ? ಆಡಿದ ಮೇಲೆ ಒದ್ದೆ ಬಟ್ಟೇಲಿ ಒರೆಸು, ನೆರಳಲ್ಲೇ ಒಣಗ್ಸು ಅಂತ ನೀನೇ ಹೇಳ್ಕೊಟ್ಟಿದ್ದು. ಅಂಗೇ ಮಾಡ್ತೀನಿ. ಇಡೀ ಕೋಟೆ ತಾಲೂಕಲ್ಲಿ ಹೆಲ್ಮೆಟ್ಟನ್ನ ಇಷ್ಟು ಜೋಪಾನ ಮಾಡೋಳು ನಿನ್ನ ತಂಗಿ ಪದ್ಮಶ್ರೀ ಒಬ್ಳೇ, ತಿಳ್ಕೋ!

ಏನದು? ಬೆಳಕಿಗ್ಯಾಕೆ ಹಿಡಿದೆ?

ಬಿರುಕಾ? ಗೀರು ಕಣಣ್ಣ ಅದು, ಗೀರು! ಒಳಗಡೆವರ್ಗೂ ಬಂದದಾ? ಓ... ಬಸ್ಸಲ್ಲಿ ಬಿತ್ತಲ್ಲ. ಹಂಪಾಪುರದ ತಿರುವಲ್ಲಿ ಡ್ರೈವರ್ ಬ್ರೇಕ್ ಹಾಕ್ದ ನೋಡು, ಮೇಲಿಂದ ದಢ್ ಅಂತ... ಹೂಂ, ಬ್ಯಾಗೊಳಗೇ ಇತ್ತು. ಕೆಂಪು ಗುರುತಾ?

...ಸರಿ. ಬಾಲ್ ತಾಗ್ತು. ಪ್ರಾಕ್ಟೀಸಲ್ಲಿ ಸಾಗರ್ ಹಾಕಿದ ಬಾಲು ನೆಲ ಮುಟ್ಟಿದ್ದೇ ಎದ್ಬುಡ್ತು. ಆದ್ರೆ ಏನಾಯ್ತೀಗ? ಹೆಲ್ಮೆಟ್ ಇರೋದೇ ಅದಕ್ಕಲ್ವಾ? ಅದು ಒಡೀತು, ತಲೆ ಉಳೀತು!

ಕೂಗ್ಬೇಡಣ್ಣ. ಪಕ್ಕದಂಗಡಿಯೋರು ನೋಡ್ತಾವ್ರೆ. ಹೆಣ್ಮಗು ಮುಖಕ್ಕೆ ಬಾಲ್ ಬಿದ್ರೆ ಯಾರು ಹೊಣೆ ಅಂತ ಅಪ್ಪ ಬ್ಯಾಟ್ ಕಿತ್ಕೊಂಡಾಗ, ಇದನ್ನ ತಂದು ಅಪ್ಪನ ಮುಂದಿಟ್ಟೋನು ನೀನು. ಇದೊಂದು ತಲೆ ಮೇಲಿದ್ರೆ ಏನೂ ಆಗಲ್ಲ ಬುಡಪ್ಪ ಅಂದೋನೂ ನೀನೇ. ಈಗ ನೀನೇ ಇಂಗಾಡಿದ್ರೆ?

ಆಮೇಲೂ ಆಡ್ದೆ, ಇನ್ನೇನು! ...ಇಲ್ಲ, ಆಡ್ಲಿಲ್ಲ. ಮರದಡೀಲಿ ಕೂತಿದ್ದೆ. ವಾಂತಿನಾ? ಯಾರ್ ಹೇಳುದ್ರು, ಅವ್ವನಾ? ಬಸ್‌ಸ್ಟ್ಯಾಂಡಲ್ಲಿ ಪಫ್ಸ್ ತಿಂದಿದ್ದೆ ಕಣಣ್ಣ. ಹಳಸಿತ್ತೇನೋ.

ಒಳಗಿಂದ ಗಮ್ಮು ಹಾಕಿ, ಸೀಟಿಗೆ ಹೊಲೀತೀಯಲ್ಲ ಆ ರೆಕ್ಸಿನ್ ಒಂದು ಪಟ್ಟಿ ಅಂಟಿಸಿದ್ರೆ? ಆಗಲ್ವಾ? ಬಿರುಕು ಬಿಟ್ಟಿದ್ದಕ್ಕೆ ರಿಪೇರಿನೇ ಇಲ್ವಾ?

ಅಂಗಾದ್ರೆ ನನ್ ಕತೆ ಮುಗೀತು. ಮುಂದಿನ ಸಲ ಅಂತ ಹೇಳ್ಬೇಡ. ಮುಂದಿನ ಸಲ ಅಪ್ಪ ಕಳಿಸ್ತಾನಾ? ಈ ಸಲ ಆಗ್ಲಿಲ್ಲ ಅಂದ್ರೆ ಗಂಡು ನೋಡ್ತೀನಿ ಅಂತ ಬಾಯ್ಬುಟ್ಟು ಹೇಳವ್ನೆ. ನಿನ್ನೆದುರ್ಗೇ ಹೇಳ್ಲಿಲ್ವಾ?

ಈ ಹೆಲ್ಮೆಟ್ ಯಾರ್ದು? ಕರಿಯಯ್ಯನ ಮಗಂದಾ? ನಾಳೆಗೆ ಇದನ್ನ ಇಸ್ಕೊಡ್ತೀಯಾ? ಅಣ್ಣಾ! ನಿಜವಾಗ್ಲೂ? ಈ ಕಡೆ ಒಂದು ಸ್ಕ್ರೂ ಹಾಕುದ್ರೆ ಮುಗೀತಾ? ನಾನೇ ಹಾಕ್ಬೇಕಾ? ಕೊಡಿಲ್ಲಿ, ಇದೇನ್ ಮಹಾ ಕೆಲ್ಸ...

ತಡಿ. ಜಾರ್ತು.

ಇನ್ನೊಂದ್ಸಲ. ಕೈಯೆಲ್ಲ ಬೆವರು ಕಣಣ್ಣ, ಅದಕ್ಕೆ... ಥೂ. ನಿನ್ನಂಗಡೀಲಿ ಬೆಳಕೇ ಇಲ್ಲ. ಏನು? ಬಿಸಿಲು ಇಲ್ಲೇ ಬಿದ್ದದಾ? ಹೂಂ... ಬಿದ್ದದೆ. ಈ ಸ್ಕ್ರೂನೇ ದಪ್ಪ ಇರ್ಬೇಕು. ಅಯ್ಯೋ, ಬಿದ್ದೋಯ್ತು. ಎಲ್ಲೋಯ್ತು? ನನ್ ಕಾಲತ್ರನಾ? ಎಲ್ಲಿ?

...ನೀನೇ ಎತ್ಕೊಟ್ಯಾ. ಸರಿ. ಈಗ ಹಾಕ್ತೀನಿ ನೋಡು.

ಯಾಕಣ್ಣ ಎದ್ದೆ? ಬೈಯಂಗಿದ್ರೆ ಬೈದ್ಬುಡು. ಒಂದೇಟು ಹೊಡಿ ಬೇಕಾದ್ರೆ. ಅಂಗ್ ನೋಡ್ಬೇಡ. ಅಂಗಡಿ ಬಾಗ್ಲು ಯಾಕೆ ಎಳೀತಿದೀಯಾ? ಬೈಕ್ ಯಾಕೆ? ಆಸ್ಪತ್ರೆ ಬೇಡ, ಆಸ್ಪತ್ರೆಗೋದ್ರೆ ಅಪ್ಪಂಗೆ ಗೊತ್ತಾಗ್ತದೆ...

ಅಣ್ಣಾ.

ಈ ಕಡೆ ಸ್ಕ್ರೂಗಿರೋದು... ಎರಡಲ್ವಾ, ಒಂದೇ ತೂತಾ?