ಇಲ್ಲದ ಸ್ಪೀಕರಿಗೆ ಹತ್ತು ಅಡಿ

ಲೈಟ್ ಆರಿಸಬೇಡಿ, ಇರಲಿ. ಕತ್ತಲಲ್ಲಿ ಹೇಳಿದ್ರೆ ಕತೆಗೆ ರಂಗು ಬರುತ್ತೆ ಅಂತೀರ, ಗೊತ್ತು. ನಂಗೆ ರಂಗು ಬೇಡ. ನಾನು ಹೇಳ್ತಿರೋದು ಕತೆನೂ ಅಲ್ಲ.

ನಮ್ಮ ಚಿಕ್ಕಪ್ಪನ ಮಗ ತಿರುಮಲ ಗೊತ್ತಲ್ಲ, ನಮ್ಮ ಬೆಸೆಂಟ್ ನಗರದ ಮನೆಯಿಂದ ಎರಡನೇ ಬೀದೀಲಿರೋನು. ಹಗಲೆಲ್ಲ ನುಂಗಂಬಾಕ್ಕಂ ಆಫೀಸಲ್ಲಿ ಕೂತಿರ್ತಾನೆ, ಸಂಜೆಯಾದ್ರೆ ವೈರು, ಟೇಪು ಹಿಡ್ಕೊಂಡು ಕಂಡೋರ ಮನೆ ಪ್ಲೇಯರ್ ಕೂರಿಸೋಕೆ ಓಡ್ತಾನೆ. ಹಾಡಿನ ಮಷಿನ್ನು ಅಂದ್ರೆ ಅವನಿಗೆ ಅಷ್ಟು ಹುಚ್ಚು. "ನಮ್ಮನೆ ಮಿಕ್ಸಿ ಕೆಟ್ಟು ಎರಡು ತಿಂಗಳಾಯ್ತು" ಅಂತ ಅವನ ಹೆಂಡ್ತಿ ಪಾವನಾ ಬಯ್ದು ಬಯ್ದು ಸುಮ್ಮನಾದ್ಲು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಆ ಜಾತಿ. ಈಗ ಅವನು ಯಾರ ಮನೆಗೂ ಹೋಗಲ್ಲ. ಯಾಕೆ ಅಂತ ಕೇಳಿ.

ಹೋದ ವರ್ಷ ನವೆಂಬರ್. ಗುರುವಾರ ರಾತ್ರಿ, ಹತ್ತು ಗಂಟೆ ದಾಟಿತ್ತಂತೆ. ಮೈಲಾಪೂರಲ್ಲಿ ನಮ್ಮ ಕಿಟ್ಟಣ್ಣನೋರ ಹಳೇ ಫ್ಲ್ಯಾಟು. ಕಿಟ್ಟಣ್ಣ ಮೈಸೂರಿನ ಕಡೆಯೋರು, ಬ್ಯಾಂಕ್ ಕೆಲಸಕ್ಕೆ ಅಂತ ಬಂದು ನಲವತ್ತು ವರ್ಷ ಇಲ್ಲೇ ಉಳಿದೋರು. ಮಕ್ಕಳಿಲ್ಲ. ಹೆಂಡ್ತಿ ಅಮ್ಮಣ್ಣಿ ತೀರಿಕೊಂಡು ಆಗ ಎಂಟು ತಿಂಗಳು. ಅವರ ಮನೆ ಪ್ಲೇಯರ್ ಕೂರಿಸಿ ತಿರುಮಲ ಮೆಟ್ಟಿಲಿಳಿದು ಗೇಟಿನ ಕಡೆ ನಡೀತಿದ್ದ. ದಾರೀಲಿ ಒಂದು ಹಳೇ ಬಾವಿ. ಈಗ ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ. ಒಳಗೆ ಮೋಟಾರು ಮಾತ್ರ... ಗೂಂ... ಅಂತ ಸಣ್ಣಗೆ ಓಡ್ತಿರುತ್ತೆ. ಬಾವಿ ಪಕ್ಕಕ್ಕೆ ಬಂದಿದ್ದ, ಫೋನು ಬಂತು.

ಕಿಟ್ಟಣ್ಣ. ಪಿಸುಮಾತು, ಅರ್ಧ ತಮಿಳು.

"ತಿರುಮಲ... ವಂದುಟ್ಟಾ ಕಣಯ್ಯ. ಬಂದುಬಿಟ್ಲು."

"ಯಾರು, ಕಿಟ್ಟಣ್ಣ?"

"ಅಮ್ಮಣ್ಣಿ. ಹಾಡ್ತಿದಾಳೆ. ನಿಂಗೆ ಕೇಳಿಸ್ತಿಲ್ವ?"

ತಿರುಮಲ ಎರಡನೇ ಮಹಡಿ ಕಿಟಕಿ ಕಡೆ ತಲೆ ಎತ್ತಿ ಕಿವಿಗೊಟ್ಟ. ತಂಬೂರಿ ಕೇಳಿಸ್ತು. ಪಿಟೀಲು ಕೇಳಿಸ್ತು. ಧ್ವನಿ ಇಲ್ಲ.

"ಇಲ್ಲ ಕಿಟ್ಟಣ್ಣ. ಬರೀ ತಂಬೂರಿ ಬರ್ತಿದೆ."

"ಶ್... ಮೆಲ್ಲಗೆ ಮಾತಾಡು. ಟೀವಿ ಹತ್ರ ನಿಂತಿದಾಳೆ."

ಅಷ್ಟೇ. ಫೋನಿಟ್ರು. ಮುದುಕರಿಗೆ ಆಸೆ ಜಾಸ್ತಿಯಾಗಿ ಭ್ರಮೆಯಾಗಿದೆ ಅಂದ್ಕೊಂಡು ಇವನು ಮನೆಗೆ ಬಂದ.

ಈಗ ಆ ರಾತ್ರಿ ಹಾಕಿದ್ದ ಡಿಸ್ಕಿನ ವಿಷಯ ಹೇಳ್ಬೇಕು. ಅಮ್ಮಣ್ಣಿ ದೊಡ್ಡ ಗಾಯಕಿ ಏನಲ್ಲ, ಆದ್ರೆ ದೇವರನಾಮ ಹಾಡಿದ್ರೆ ಎದ್ದು ಹೋಗೋಕೆ ಮನಸ್ಸಾಗ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಅವರ ಅಣ್ಣನ ಮಗ ಯಾವುದೋ ಸ್ಟುಡಿಯೋದಲ್ಲಿ ಕೂರಿಸಿ ಆರು ಹಾಡು ರೆಕಾರ್ಡ್ ಮಾಡಿದ್ದ. ಅದೂ ಐದು ಸ್ಪೀಕರಿನ ರೆಕಾರ್ಡು. ತಂಬೂರಿ ಒಂದು ಕಡೆ, ಪಿಟೀಲು ಒಂದು ಕಡೆ, ಧ್ವನಿ ಮಾತ್ರ ಮಧ್ಯದ ಸ್ಪೀಕರಿಂದ. ಒಂದೇ ಒಂದು ಡಿಸ್ಕು. ಮಾಮೂಲಿ ಪ್ಲೇಯರಿಗೆ ಹಾಕಿದ್ರೆ ಓದೋದೇ ಇಲ್ಲ. ಅಂಚು ಬೇರೆ ಕಂದು ಬಣ್ಣಕ್ಕೆ ತಿರುಗ್ತಿತ್ತು, ಇವತ್ತೋ ನಾಳೆಯೋ ಅನ್ನೋ ಹಾಗೆ. ಪ್ರಪಂಚದಲ್ಲಿ ಆ ಹೆಂಗಸಿನ ಧ್ವನಿ ಅಂತ ಉಳಿದಿದ್ದು ಅದರಲ್ಲಿ ಮಾತ್ರ. ಅದಕ್ಕೇ ಕಿಟ್ಟಣ್ಣ ಹುಡುಕಾಡಿ, ಯಾವ ತರದ ಡಿಸ್ಕ್ ಹಾಕಿದ್ರೂ ಹಾಡೋ ಪ್ಲೇಯರ್ ಒಂದನ್ನ ಸೆಕೆಂಡ್ ಹ್ಯಾಂಡ್ ತಂದಿದ್ರು. ಸ್ಪೀಕರ್ ಎರಡೇ, ಹಳೇವು.

ಗುರುವಾರ ತಿರುಮಲ ಹೋದಾಗ ಮೊದಲು ಪ್ಲೇಯರು ಡಿಸ್ಕನ್ನೇ ಒಪ್ಪಲಿಲ್ಲವಂತೆ. ಟ್ರೇ ಒಳಗೆ ಹೋಗುತ್ತೆ... ಝ್ಝೀ... ಟಕ್. ಒಳಗೆ ಸರ್ರ್ ಅಂತ ತಿರುಗುತ್ತೆ, ಟಿಕ್ ಟಿಕ್ ಟಿಕ್ ಅಂತ ಮೂರು ಸಲ ತಡಕಾಡುತ್ತೆ, 'ಗೊತ್ತಿಲ್ಲದ ಡಿಸ್ಕ್' ಅಂತ ತೋರಿಸಿ ನಿಂತುಬಿಡುತ್ತೆ. ಲೆನ್ಸ್ ಒರೆಸಿದ. ಡಿಸ್ಕನ್ನ ಮಧ್ಯದಿಂದ ಅಂಚಿಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದ. ಕೊನೆಗೆ ಓದಿತು. ಆದ್ರೆ ತಂಬೂರಿ, ಪಿಟೀಲು ಅಷ್ಟೇ, ಹಾಡೋರಿಲ್ಲ. ಕಿಟ್ಟಣ್ಣನ ಮುಖ ನೋಡೋಕಾಗಲಿಲ್ಲ ಅಂದ. "ಇರಲಿ ಬಿಡಪ್ಪ, ಅವಳ ಶ್ರುತಿಯಾದ್ರೂ ಕೇಳ್ತೀನಿ" ಅಂದ್ರಂತೆ. ಹಾಡು ಮುಗಿದ್ರೆ ಮತ್ತೆ ಮೊದಲಿಂದ ಬರೋ ಹಾಗೆ ಮಾಡಿ, ಅದನ್ನ ಹಾಗೇ ಬಿಟ್ಟು ಇಳಿದು ಬಂದಿದ್ದ.

ರಾತ್ರಿ ಒಂದು ಗಂಟೆಗೆ ಹಾಸಿಗೆ ಮೇಲೆ ಎದ್ದು ಕೂತ. ತಪ್ಪು ಹೊಳೀತು.

ಆ ತರದ ಪ್ಲೇಯರಿಗೆ ಮೊದಲು ಮನೆ ಪರಿಚಯ ಮಾಡ್ಕೊಡಬೇಕಂತೆ. ಎಷ್ಟು ಸ್ಪೀಕರ್ ಇದೆ, ಕೂರೋ ಕುರ್ಚಿಯಿಂದ ಯಾವುದು ಎಷ್ಟು ಅಡಿ, ಎಲ್ಲ ಟೀವಿ ಮೇಲೆ ಬರೋ ಮೆನುವಿನಲ್ಲಿ ತುಂಬಬೇಕು. ಇವನು ನುಂಗಂಬಾಕ್ಕಂ ಸಾಹುಕಾರರ ಮನೆಗಳಲ್ಲಿ ಐದೈದು ಸ್ಪೀಕರ್ ಕೂರಿಸಿ ಕೈ ಪಳಗಿದೋನು. ಅಭ್ಯಾಸಬಲ. ಮಧ್ಯದ ಸ್ಪೀಕರ್ ಇದೆಯಾ ಅಂತ ಅದು ಕೇಳಿದ್ದಕ್ಕೆ 'ಇದೆ' ಅಂತ ಒತ್ತಿದ್ದ. ಎಷ್ಟು ದೂರ? ಹತ್ತು ಅಡಿ. ಇನ್ನೇನು, ಪ್ಲೇಯರ್ ಧ್ವನಿಯನ್ನೆಲ್ಲ ಆ ಇಲ್ಲದ ಸ್ಪೀಕರಿಗೇ ಕಳಿಸ್ತಾ ಕೂತಿತ್ತು. ಕುರ್ಚಿಯಿಂದ ನೇರ ಹತ್ತು ಅಡಿ ಅಂದ್ರೆ ಎಲ್ಲಿಗೆ? ಟೀವಿ ಹತ್ರ.

ಕಿಟ್ಟಣ್ಣ ಹೇಳಿದ ಜಾಗ.

ಆದ್ರೂ ಸರಿ ಮಾಡೋದು ಸುಲಭ, 'ಇದೆ' ಅನ್ನೋದನ್ನ 'ಇಲ್ಲ' ಅಂತ ಮಾಡಿದ್ರೆ ಧ್ವನಿ ಇರೋ ಎರಡು ಸ್ಪೀಕರಿಗೆ ಬಂದು ಸೇರ್ಕೊಳ್ಳುತ್ತೆ.

ಶನಿವಾರ ಸಂಜೆ ಹೋದ. ಕಿಟ್ಟಣ್ಣ ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕಿ ಕುರ್ಚೀಲಿ ಕೂತಿದ್ರು. ತಂಬೂರಿ ನಡೀತಿತ್ತು. ಇವನು ರಿಮೋಟಿಗೆ ಕೈ ಹಾಕಿದ.

"ಮುಟ್ಟಬೇಡ" ಅಂದ್ರು.

"ಒಂದು ಸಣ್ಣ ಸೆಟ್ಟಿಂಗು ತಪ್ಪಾಗಿದೆ ಕಿಟ್ಟಣ್ಣ."

"ಸರಿಯಾಗೇ ಇದೆ. ನೋಡು, ಈಗ ಎರಡನೇ ಚರಣ."

ಸುಮ್ಮನೆ ನೋಡ್ತೀನಿ ಅಂತ ಮೆನು ತೆಗೆದ. ಮಧ್ಯದ ಸ್ಪೀಕರು, ಆರು ಅಡಿ.

ಇವನು ಹಾಕಿದ್ದು ಹತ್ತು. ಬದಲಾಯಿಸ್ಬೇಕು ಅಂದ್ರೆ ರಿಮೋಟೇ ಬೇಕು. ರಿಮೋಟು ಈಗ ಇವನು ಕೈಗೆ ತಗೊಳ್ಳೋವರೆಗೂ ಪ್ಲಾಸ್ಟಿಕ್ ಕವರ್ ಸಮೇತ ಗುರುವಾರ ಇಟ್ಟ ಜಾಗದಲ್ಲೇ ಇತ್ತು. ಕಿಟ್ಟಣ್ಣನಿಗೆ ಅದನ್ನ ಯಾವ ಕಡೆಯಿಂದ ಹಿಡೀಬೇಕು ಅಂತಲೂ ಗೊತ್ತಿಲ್ಲ. ಇವನು ಮತ್ತೆ ನೋಡಿದ. ಆರು. ಅಷ್ಟರಲ್ಲಿ ಪಿಟೀಲು ನಿಂತು, ತಂಬೂರಿ ಒಂದೇ ಉಳೀತು. ಆಗ ಕೇಳಿಸ್ತಂತೆ... ಹಾಡೋರು ಸಾಲು ಎತ್ತೋ ಮುಂಚೆ ಉಸಿರು ಎಳ್ಕೊಳ್ತಾರಲ್ಲ, ಅದು. ಹ್ಹಾ... ಅಂತ. ಸ್ಪೀಕರಿಂದ ಅಲ್ಲ. ಅವನಿಗೂ ಕುರ್ಚಿಗೂ ನಡುವೆ, ಬರೀ ನೆಲದ ಮೇಲಿಂದ.

ಉಸಿರು ಮಾತ್ರ. ಹಾಡು ಅವನಿಗೆ ಕೇಳಿಸಲಿಲ್ಲ. ಕಿಟ್ಟಣ್ಣ ಕಣ್ಣು ಮುಚ್ಚಿ ತಾಳ ಹಾಕ್ತಿದ್ರು.

ಹೆದರಿ ಓಡಿ ಬಂದ. ಇಷ್ಟನ್ನ ನನಗೆ ಭಾನುವಾರ ಹೇಳಿದ. ವರ್ಷ ತುಂಬೋವರೆಗೂ ಜೀವ ಮನೆ ಸುತ್ತಲೇ ಇರುತ್ತೆ ಅಂತಾರೆ ಕಣೋ, ನಿನಗ್ಯಾಕೆ ಉಸಾಬರಿ ಅಂತ ನಾನೂ ನಕ್ಕುಬಿಟ್ಟೆ. ಈಗ ಆ ನಗು ನೆನೆದ್ರೆ ನನಗೇ ಅಸಹ್ಯ.

ಮಂಗಳವಾರ ರಾತ್ರಿ ಮತ್ತೆ ಹೋದ, ಹೋಗದೆ ಇರೋಕಾಗಲಿಲ್ಲವಂತೆ. ಆ ಫ್ಲ್ಯಾಟಿನ ಕೆಳಗೇ ಕುಂದಾಪುರದ ಬಾಬು ಅನ್ನೋರ ಹೋಟ್ಲು. ಕಿಟ್ಟಣ್ಣನಿಗೆ ಊಟ ಹೋಗೋದು ಅಲ್ಲಿಂದಲೇ. ಇವನನ್ನ ನೋಡಿದ್ದೇ ಬಾಬು ಹೊರಗೆ ಬಂದ್ರು.

"ನೋಡಿ ಮಾರಾಯ್ರೆ, ನಾಲ್ಕು ದಿನ ಆಯ್ತು, ಕ್ಯಾರಿಯರ್ ಹೋದ ಹಾಗೇ ವಾಪಾಸು ಬರ್ತದೆ. ಮುಚ್ಚಳ ಸಹ ತೆಗೀಲಿಲ್ಲ. ಕೇಳಿದ್ರೆ ಹಸಿವಿಲ್ಲ ಅಂತಾರೆ. ಹೀಗಾದ್ರೆ ಜನ ಉಳಿಯೂದುಂಟಾ? ನೀವಾದ್ರೂ ಹೇಳಿ."

ಮೇಲೆ ಹೋಗಿ ನೋಡಿದ್ರೆ ಕಿಟ್ಟಣ್ಣ ಅರ್ಧಕ್ಕರ್ಧ ಇಳಿದುಹೋಗಿದ್ರು. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ನೇತಾಡ್ತಿತ್ತು. ಮುಖದಲ್ಲಿ ಮಾತ್ರ ಮದುವೆ ಗಂಡಿನ ಕಳೆ. ಮೆನು ತೆಗೆದ. ಎರಡು ಅಡಿ.

ಈ ಮನುಷ್ಯನ್ನ ಉಳಿಸ್ಬೇಕು ಅನ್ನಿಸ್ತಂತೆ ಅವನಿಗೆ. ಅವನ ಮನಸ್ಸಲ್ಲಿ ಬೇರೆ ಏನೂ ಇರಲಿಲ್ಲ, ಅದು ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಕಿಟ್ಟಣ್ಣ ಬಚ್ಚಲಿಗೆ ಹೋದ್ರು. ಇವನು ಗಬಕ್ಕನೆ ರಿಮೋಟ್ ತಗೊಂಡು ಮಧ್ಯದ ಸ್ಪೀಕರ್ 'ಇಲ್ಲ' ಅಂತ ಒತ್ತಿದ. ಪ್ಲೇಯರ್ ಒಳಗೆ... ಟಕ್... ಅಂತು. ತಕ್ಷಣ ಎರಡೂ ಸ್ಪೀಕರಿಂದ ಅಮ್ಮಣ್ಣಿಯ ಧ್ವನಿ. ಸ್ವಚ್ಛವಾಗಿ, ತುಂಬಿಕೊಂಡು. ಇವನ ಕಣ್ಣಲ್ಲಿ ನೀರು ಬಂತಂತೆ.

ಕಿಟ್ಟಣ್ಣ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತ್ರು. ಒಂದು ಸಾಲು ಪೂರ್ತಿ ಕೇಳಿದ್ರು.

"ರೆಕಾರ್ಡು ಚೆನ್ನಾಗಿದೆ" ಅಂದ್ರು. ಆಮೇಲೆ ಕೋಣೆಯೆಲ್ಲ ನೋಡಿದ್ರು. "ಅವಳೆಲ್ಲಿ?"

"ಇವರೇ ಅಲ್ವಾ ಕಿಟ್ಟಣ್ಣ ಹಾಡ್ತಿರೋದು..."

"ಇದು ಡಿಸ್ಕು ಕಣಯ್ಯ. ಅವಳನ್ನ ಎಲ್ಲಿ ಕಳಿಸಿದೆ? ಮೊದಲಿದ್ದ ಹಾಗೆ ಮಾಡು."

"ಅದು ಹೋಯ್ತು ಕಿಟ್ಟಣ್ಣ. ಮಷಿನ್ನು ಮರೆತುಬಿಡ್ತು. ಇನ್ನು ಬರಲ್ಲ" ಅಂತ ಸುಳ್ಳು ಹೇಳಿದ. ಅವರು ತಾವೇ ಪ್ಲೇಯರ್ ಆಫ್ ಮಾಡಿದ್ರು. ಇವನು ಮೆಟ್ಟಿಲಿಳಿದ. ಹಿಂದೆ ಬಾಗಿಲು ಹಾಕಿದ ಸದ್ದು. ಮೇಲಿನ ಚಿಲಕ, ಖಟ್. ಕೆಳಗಿನದು, ಖಟ್. ಮೆಟ್ಟಿಲ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಬಾವಿ ಹತ್ರ ಬಂದ. ಫೋನು.

"ತಿರುಮಲ... ಬಾಗಿಲ ಹೊರಗಿದಾಳೆ."

ಇವನು ತಿರುಗಿ ಮೆಟ್ಟಿಲ ಕಡೆ ನೋಡಿದ.

"ಮೆಟ್ಟಿಲ ಮೇಲೆ, ಕತ್ತಲಲ್ಲಿ... ಮೆಲ್ಲಗೆ ಹಾಡ್ತಿದಾಳೆ. ಪಾಪ, ಒಬ್ಬಳೇ. ತೆಗೀಲೇನೋ?"

ಫೋನೊಳಗೆ, ಬಾಗಿಲಾಚೆಯಿಂದ ಬಂದ ಹಾಗೆ... ಹ್ಹಾ... ಅನ್ನೋ ಉಸಿರು.

"ತೆಗೀಬೇಡಿ ಕಿಟ್ಟಣ್ಣ. ನನ್ನಾಣೆ ಇದೆ. ತೆಗೆದ್ರೆ ನನ್ನಾಣೆ."

ಬಾವಿ ಮೋಟಾರು... ಗೂಂ...

"ಆಣೆ ಯಾಕೋ ಹಾಕಿದೆ" ಅಂದ್ರು. ಫೋನಿಟ್ರು.

ಕಿಟ್ಟಣ್ಣ ಹಳೇ ಕಾಲದೋರು. ಆಣೆ ಮುರಿದ್ರೆ ಮುರಿದೋರಿಗಲ್ಲ, ಆಣೆ ಇಟ್ಟೋನಿಗೆ ಕೇಡು ಅಂತ ನಂಬಿದ ಜನ. ತಿರುಮಲನಿಗೆ ಮೂರು ವರ್ಷದ ಮಗಳಿದಾಳೆ. ಆ ಮಗು ಮುಖ ನೋಡಿದ ಮನುಷ್ಯ ಹೇಗೆ ತೆಗೀತಾರೆ?

ಬೆಳಗ್ಗೆ ಏಳಕ್ಕೆ ಬಾಬು ಫೋನ್ ಮಾಡಿದ್ರು, ಕಾಫಿ ತಂದು ಎಷ್ಟು ಬಡಿದ್ರೂ ತೆಗೀತಿಲ್ಲ ಅಂತ. ತಿರುಮಲ ನನ್ನನ್ನೂ ಕರ್ಕೊಂಡ. ಆಟೋದಲ್ಲಿ ಪೂರ್ತಿ ದಾರಿ ಒಂದೇ ಮಾತು, "ಅಕ್ಕ, ನಾನು ಆಣೆ ಹಾಕಿಬಿಟ್ಟೆ ಅಕ್ಕ." ನಾವು ಹೋದ ಮೇಲೇ ಬಡಗಿ ಬಂದು ಚಿಲಕದ ಕಡೆ ಚೌಕಟ್ಟು ಕೊಯ್ದಿದ್ದು. ಎರಡು ಚಿಲಕವೂ ಒಳಗಿಂದ ಭದ್ರವಾಗಿದ್ವು, ನಾನು ಕಣ್ಣಾರೆ ನೋಡಿದೆ. ಬಾಗಿಲು ತಳ್ಳಿದಾಗ ಕುರ್ಚಿ... ಕರ್ರ್... ಅಂತ ಹಿಂದೆ ಸರೀತು. ಕುರ್ಚಿಯನ್ನ ಬಾಗಿಲಿಗೇ ಎಳ್ಕೊಂಡು ಕೂತಿದ್ರು ಕಿಟ್ಟಣ್ಣ. ಕಿವಿ ಬಾಗಿಲಿನ ಕಡೆ. ಕೈ ಕೆಳಗಿನ ಚಿಲಕದ ಮೇಲೆ. ಮುಟ್ಟಿದ್ರು, ಎಳೆದಿರಲಿಲ್ಲ.

ಪಕ್ಕದ ಬೀದಿ ಡಾಕ್ಟರು ಬಂದು ನೋಡಿದ್ರು. ಜೀವ ಹೋಗಿ ಆರೇಳು ಗಂಟೆಯಾದ್ರೂ ಆಗಿದೆ, ರಾತ್ರಿ ಒಂದರ ಸುಮಾರಿಗೇ ಅಂದ್ರು. ಮೈಯೆಲ್ಲ ಸೆಟೆದುಹೋಗಿತ್ತು. ತಿರುಮಲ ಕಿಟ್ಟಣ್ಣನ ಕಾಲು ಹಿಡ್ಕೊಂಡು ನೆಲದ ಮೇಲೆ ಕೂತ. ಅವನನ್ನ ಎಬ್ಬಿಸೋಕೆ ನನ್ನ ಕೈಲಾಗಲಿಲ್ಲ. ಒಳ್ಳೇದು ಮಾಡೋಕೆ ಹೋಗಿ, ಹೆಂಡ್ತಿನ ಹೊರಗೆ, ಗಂಡನ್ನ ಒಳಗೆ ಹಾಕಿ ಬೀಗ ಜಡಿದ ಹಾಗಾಗಿತ್ತು. ಬಯ್ಯಬೇಕು ಅಂತ ಬಾಯಿ ತೆರೆದೆ, ಅಳು ಬಂತು.

ಬಾಯಿಗೆ ನೀರು ಬಿಡಬೇಕಲ್ಲ. ತರ್ತೀನಿ ಅಂತ ನಾನೇ ಅಡಿಗೆಮನೆಗೆ ಹೋದೆ. ನನಗಿಂತ ಮುಂಚೆ ಯಾರೂ ಹೋಗಿರಲಿಲ್ಲ, ಎಲ್ಲ ಹಜಾರದಲ್ಲೇ ಇದ್ರು.

ಒಲೆ ಮೇಲೆ ಹಾಲಿನ ಪಾತ್ರೆ. ಮೇಲೆ ತಟ್ಟೆ ಮುಚ್ಚಿತ್ತು. ಪಕ್ಕದ ಟೈಲ್ಸಿಗೆ ಹಾಲಿನ ಪ್ಯಾಕೆಟ್ಟು, ಮೂಲೆ ಕತ್ತರಿಸಿ, ತೊಳೆದು, ಒಣಗಲಿ ಅಂತ ನಾವೆಲ್ಲ ಅಂಟಿಸ್ತೀವಲ್ಲ, ಹಾಗೆ ಅಂಟಿಸಿತ್ತು. ಅದರ ಮೇಲಿನ ತಾರೀಖು ನೋಡಿದೆ. ಅವತ್ತಿನದೇ. ಆ ಬೀದಿಗೆ ಹಾಲು ಬರೋದು ಬೆಳಗ್ಗೆ ಐದಕ್ಕೆ. ಪ್ಯಾಕೆಟ್ಟನ್ನ ಬಾಗಿಲ ಹೊರಗೆ ಚೀಲದಲ್ಲಿ ಹಾಕಿ ಹೋಗ್ತಾರೆ. ಹೊರಗೆ ಬಂದು ನೋಡಿದೆ, ಚೀಲ ಖಾಲಿ.

ನಂಬಿ ಅಂತ ಯಾರ ಕಾಲಿಗೂ ಬೀಳಲ್ಲ ನಾನು. ಬಾಬುವಿನ ಹೋಟ್ಲು ಇನ್ನೂ ಅಲ್ಲೇ ಇದೆ, ಹೋಗಿ ಕೇಳ್ಕೊಳ್ಳಿ. ಆದ್ರೆ ಆ ಪಾತ್ರೆ ಮುಟ್ಟಿದ್ದು ಬಾಬು ಅಲ್ಲ, ತಿರುಮಲ ಅಲ್ಲ. ನಾನು, ಈ ಕೈಯಲ್ಲಿ. ತಟ್ಟೆ ತೆಗೆದೆ, ಕೆನೆ ಇನ್ನೂ ಕಟ್ಟಿರಲಿಲ್ಲ. ಪಾತ್ರೆ ಬಿಸಿ ಇತ್ತು.