ಫೇಸ್‌ಬುಕ್ಕಿನಲ್ಲಿ ಎದ್ದ ಮಹಡಿ

ದಾವಣಗೆರೆಯ ಪಿ.ಜೆ. ಬಡಾವಣೆಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿದ್ದ ಹೆಂಗಸಿನ ಸೆರಗಿನ ತುಂಬ ರಕ್ತದ ಕಲೆ. ಮನೆ ಕಟ್ಟುವ ಕಂಟ್ರಾಕ್ಟರ್ ಒಬ್ಬ ಬಂದು ಅವಳೆದುರು ನಿಂತ.

“ತಿಮ್ಮೇಶಣ್ಣ ಹೆಂಗದಾರೆ ಅಕ್ಕಾ?”

“ತಲೆಗೆ ಹದಿನಾಲ್ಕು ಹೊಲಿಗೆ ಹಾಕ್ಯಾರೆ, ನಿಂಗರಾಜಣ್ಣ. ಇನ್ನೂ ಕಣ್ಣು ಬಿಟ್ಟಿಲ್ಲ.”

“ಹೊಡೆದೋರು ಯಾರು?”

“ನಮ್ ಭಾವ, ನಮ್ಮೆಜಮಾನ್ರ ಅಣ್ಣ. ಮಲೆಬೆನ್ನೂರಿಂದ ಹಾರೆ ತಗಂಡೇ ಬಂದ್ರು. ‘ಪಾಲಾಗದ ಮನೆ ಮ್ಯಾಲೆ ಮಹಡಿ ಎಬ್ಬಿಸ್ತೀಯಾ’ ಅಂತ ಬಾಗ್ಲಾಗೇ ಹೊಡೆದ್ರು. ಬಿದ್ದ ಮ್ಯಾಲೂ ಬಿಡ್ಲಿಲ್ಲ.”

“ನೀವು ಮಹಡಿ ಕಟ್ಸಿಲ್ವಲ್ಲ?”

“ಒಂದು ಇಟ್ಟಿಗೆನೂ ಇಟ್ಟಿಲ್ಲ. ಫೇಸ್‌ಬುಕ್ಕಾಗೆ ನಮ್ಮನೆ ಫೋಟೋ ಬಂದೈತಂತೆ, ಮ್ಯಾಲೆ ಮಹಡಿ ಸಮೇತ.”

ಅವನು ಜೇಬಿನಿಂದ ಫೋನ್ ತೆಗೆದ.

“ಅದನ್ನ ಹಾಕಿದ್ದು ನಾನೇ ಅಕ್ಕಾ. ಗಿರಾಕಿ ಬರ್ಲಿ ಅಂತ ಜಾಹೀರಾತು ಕೊಟ್ಟಿದ್ದೆ. ನಿಮ್ಮನೆ ಫೋಟೋಕ್ಕೆ ಕಂಪ್ಯೂಟರ್‌ನಾಗೆ ಮಹಡಿ ಕೂರ್ಸಿ, ಹರಿಹರ ತಾಲ್ಲೂಕಿಗೆಲ್ಲ ಕಾಣಂಗೆ ಬಿಟ್ಟಿದ್ದೆ.”

“ನಮ್ಮನ್ನ ಒಂದು ಮಾತು ಕೇಳ್ದೇನೇ?”

“ಕೇಳ್ಲಿಲ್ಲ.”



“‘ನಾನು ಕಟ್ಸಿಲ್ಲ ಅಣ್ಣಾ’ ಅಂತ ನಮ್ಮೆಜಮಾನ್ರು ಕೈ ಮುಗಿದ್ರು. ಮೊದಲ ಏಟು ಆ ಕೈ ಮ್ಯಾಲೇ ಬಿತ್ತು.”

“ಈಗ್ಲೇ ಅಳಿಸ್ತೀನಿ.”

ಅವಳು ಅವನ ಫೋನ್ ಕಿತ್ತುಕೊಂಡಳು.

“ಅಳಿಸ್ಬ್ಯಾಡ. ತಮ್ಮ ಸುಳ್ಳು ಹೇಳ್ದ, ಅದಕ್ಕೇ ಹೊಡೆದೆ ಅಂತ ಠಾಣ್ಯಾಗೆ ಭಾವ ಇನ್ನೂ ಅಂತಾನೇ ಅದಾರೆ. ಒಳಗೆ ಇವ್ರನ್ನ ನನ್ ತಂಗಿ ನೋಡ್ಕಂತಾಳೆ. ನಡಿ, ಇದನ್ನ ತೋರ್ಸಿ ಅವ್ರ ಮುಂದೇನೇ ಹೇಳು.”

“ನನ್ನನ್ನೂ ಹೊಡೀತಾರೆ, ಅಕ್ಕಾ.”

“ಹೊಡೀಲಿ.”

ಅವಳು ಫೋನ್ ಹಿಡಿದು ಹೊರಟಳು. ಅವನು ಹಿಂದೆಯೇ ನಡೆದ.